ಕರು ಬೀಳುವ ಮುಂಚಿನ ಮೂರು ತಿಂಗಳು, ಬಿದ್ದ ಮೇಲಿನ ಒಂದು ದಿನ

ಮಾಂಸಕ್ಕಾಗಿ ಸಾಕುವ ದನದ ಹಿಂಡಿನಲ್ಲಿ ತಾಯಿ ಹಸುವಿನಿಂದ ವರ್ಷಕ್ಕೆ ಕೈಗೆ ಬರುವ ಫಸಲು ಒಂದೇ, ಹಾಲು ಬಿಡಿಸಿದ ಕರು. ಡೇರಿಯಲ್ಲಾದರೆ ದಿನಕ್ಕೆ ಎರಡು ಸಲ ಕೆಚ್ಚಲಿಗೆ ಕೈ ಹಾಕುತ್ತೀರಿ, ಏನಾದರೂ ಹೆಚ್ಚುಕಡಿಮೆಯಾದರೆ ಅವತ್ತೇ ಗೊತ್ತಾಗುತ್ತದೆ. ಇಲ್ಲಿ ಹಸು ಬಯಲಲ್ಲಿ ಈಯುತ್ತದೆ, ಕರು ತಾನೇ ಎದ್ದು ಮೊಲೆ ಹುಡುಕುತ್ತದೆ, ಕುಡಿಯಿತೋ ಇಲ್ಲವೋ ನೋಡಿದವರಿರುವುದಿಲ್ಲ. ಹತ್ತನೇ ದಿನ ಅದೇ ಕರು ಭೇದಿ ಹಿಡಿದು ಮಲಗಿದಾಗ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ, ಯಾವ ಔಷಧಿ ಕೊಡಬೇಕು ಎಂಬುದು. ಆ ಪ್ರಶ್ನೆಗೂ ಬರುತ್ತೇನೆ, ಆದರೆ ಕೊನೆಗೆ. ಏಕೆಂದರೆ ಆ ಕಾಯಿಲೆ ಬರುವುದೋ ಇಲ್ಲವೋ, ಬಂದರೆ ಕರು ತಡೆದುಕೊಳ್ಳುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗಿರುವುದು ಕರು ಬೀಳುವ ಮುಂಚಿನ ಮೂರು ತಿಂಗಳಲ್ಲಿ, ಬಿದ್ದ ಮೇಲಿನ ಮೊದಲ ದಿನದಲ್ಲಿ.

ತಾಯಿಯ ಮೈಯಿಂದಲೇ ಶುರು ಮಾಡೋಣ. ಹಸುವಿನ ಗಬ್ಬದ ಅವಧಿ ಸುಮಾರು 283 ದಿನ. ಹೊಟ್ಟೆಯೊಳಗಿನ ಕರುವಿನ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಕೂಡುವುದು ಕೊನೆಯ ಮೂರು ತಿಂಗಳಲ್ಲಿ. ಅದೇ ಹೊತ್ತಿಗೆ ಗಿಣ್ಣು ಹಾಲೂ ಕಟ್ಟಬೇಕು, ಈದ ಮೇಲೆ ಮತ್ತೆ ಬೆದೆಗೆ ಬರುವಷ್ಟು ಕಸುವೂ ಮೈಯಲ್ಲಿ ಉಳಿದಿರಬೇಕು. ವರ್ಷಕ್ಕೊಂದು ಕರು ಬೇಕೆಂದರೆ ಲೆಕ್ಕ ಹಾಕಿ ನೋಡಿ: 365ರಲ್ಲಿ 283 ಕಳೆದರೆ ಉಳಿಯುವುದು 82 ದಿನ. ಅಷ್ಟರೊಳಗೆ ಗರ್ಭಕೋಶ ಮೊದಲಿನ ಸ್ಥಿತಿಗೆ ಬಂದು, ಬೆದೆ ತಿರುಗಿ, ಹಸು ಗಬ್ಬ ಕಟ್ಟಬೇಕು. ಸೊರಗಿದ ಹಸುವಿಗೆ ಇದು ಆಗದ ಕೆಲಸ.

ಸೊರಗಿದೆ ಎಂದು ಕಣ್ಣಳತೆಯಲ್ಲಿ ಹೇಳಬೇಡಿ. ಮಾಂಸದ ದನಕ್ಕೆ 1ರಿಂದ 9ರವರೆಗಿನ ಮೈಕಟ್ಟಿನ ಅಂಕ ಇದೆ. 1 ಎಂದರೆ ಬರೀ ಎಲುಬು, 9 ಎಂದರೆ ನಡೆಯಲೂ ಕಷ್ಟವಾಗುವಷ್ಟು ಕೊಬ್ಬು. ನೋಡಬೇಕಾದ ಜಾಗಗಳು ಬೆನ್ನುಮೂಳೆ, ಪಕ್ಕೆಲುಬು, ಚಪ್ಪೆಯ ಎಲುಬು, ಬಾಲದ ಬುಡ. ಹಿಂದಿನ ಎರಡು ಪಕ್ಕೆಲುಬು ದೂರದಿಂದಲೇ ಎಣಿಸುವಂತಿದ್ದರೆ ಅದು 4. ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಯಿಂದ ಒತ್ತಿದರೆ ಸಿಗುತ್ತದೆ, ಬಾಲದ ಬುಡದ ಎರಡೂ ಕಡೆ ಗುಳಿಯೂ ಇಲ್ಲ ಗುಡ್ಡೆಯೂ ಇಲ್ಲ ಎಂದರೆ 5. ಉದ್ದ ಕೂದಲಿನ ತಳಿಗಳಲ್ಲಿ, ಚಳಿಗಾಲದಲ್ಲಿ, ಕಣ್ಣು ಪೂರ್ತಿ ಮೋಸಹೋಗುತ್ತದೆ. ಗಬ್ಬದ ಹೊಟ್ಟೆಯೂ ಮೋಸ ಮಾಡುತ್ತದೆ, ಹೊಟ್ಟೆ ತುಂಬಿ ಕಂಡ ಹಸುವಿನ ಬೆನ್ನ ಮೇಲೆ ಕೈಯಿಟ್ಟರೆ ಮೂಳೆ ಚುಚ್ಚುತ್ತದೆ. ಆದ್ದರಿಂದ ದನವನ್ನು ಅಲುಗದಂತೆ ನಿಲ್ಲಿಸುವ ಚೌಕಟ್ಟಿಗೆ ಅದು ಬಂದಾಗಲೆಲ್ಲ ಕೈಯಾಡಿಸಿ ಅಂಕ ಬರೆದುಕೊಳ್ಳಿ. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಒಂದೇ ಹಸುವಿಗೆ ಬೇರೆಬೇರೆಯಾಗಿ ಅಂಕ ಕೊಟ್ಟು ಆಮೇಲೆ ಹೋಲಿಸಿ, ಕೈ ಬೇಗ ಪಳಗುತ್ತದೆ.

ಕರು ಹಾಕುವ ದಿನ ಹಸು 5ರಲ್ಲಿ ಇರಬೇಕು, ಚೊಚ್ಚಲ ಕಡಸು 6ರಲ್ಲಿ ಇರಬೇಕು. ಕಡಸಿಗೆ ಒಂದು ಅಂಕ ಹೆಚ್ಚು ಏಕೆಂದರೆ ಅದು ಇನ್ನೂ ತಾನೇ ಬೆಳೆಯುತ್ತಿದೆ, ಹಲ್ಲು ಬದಲಾಗುತ್ತಿದೆ, ಮೊದಲ ಸಲ ಹಾಲೂ ಕೊಡಬೇಕು. ಮಧ್ಯಮ ಗಾತ್ರದ ಹಸುವಿನಲ್ಲಿ ಒಂದು ಅಂಕ ಎಂದರೆ ಸುಮಾರು 35ರಿಂದ 40 ಕಿಲೋ. ಈಯುವುದಕ್ಕೆ 90 ದಿನ ಇರುವಾಗ 4ರಲ್ಲಿರುವ ಹಸುವನ್ನು 5ಕ್ಕೆ ತರಬೇಕೆಂದರೆ ದಿನಕ್ಕೆ ಸುಮಾರು 400 ಗ್ರಾಂ ಅದರ ಮೈಗೇ ಕೂಡಬೇಕು. ಕರು, ಕಸ (ಮಾಸು), ಗರ್ಭದ ನೀರು ಸೇರಿ ಈ ಕಾಲದಲ್ಲಿ ದಿನಕ್ಕೆ ಇನ್ನೊಂದು ಅರ್ಧ ಕಿಲೋ ತಾನಾಗಿ ಏರುತ್ತಿರುತ್ತದೆ. ಅಂದರೆ ತಕ್ಕಡಿಯಲ್ಲಿ ದಿನಕ್ಕೆ 900 ಗ್ರಾಂ ಏರಿಕೆ ಕಂಡರೆ ಮಾತ್ರ ಹಸುವಿನ ಅಂಕ ಏರುತ್ತಿದೆ. ಅರ್ಧ ಕಿಲೋ ಮಾತ್ರ ಏರಿದ್ದರೆ ಹಸು ಇದ್ದಲ್ಲೇ ಇದೆ. ತೂಕವೇ ಏರಿಲ್ಲ ಎಂದರೆ ಹಸು ತನ್ನ ಮೈ ಕರಗಿಸಿ ಕರುವಿಗೆ ಕೊಡುತ್ತಿದೆ. ಈದ ಮೇಲೆ ತಿನ್ನಿಸಿ ಸರಿಮಾಡುತ್ತೇನೆ ಎಂದರೆ ಅದು ಬಹಳ ಕಷ್ಟ, ಆಗ ತಿಂದದ್ದೆಲ್ಲ ಹಾಲಿಗೆ ಹೋಗುತ್ತದೆ. ಹಾಗಾಗಿ 90 ದಿನ ಮುಂಚೆಯೇ ಹಿಂಡನ್ನು ಬೇರ್ಪಡಿಸಿ: ತೆಳ್ಳಗಿರುವ ಹಸುಗಳು ಮತ್ತು ಚೊಚ್ಚಲ ಕಡಸುಗಳು ಒಂದು ಕಡೆ, ಮೈತುಂಬಿದ ಹಸುಗಳು ಇನ್ನೊಂದು ಕಡೆ. ಒಟ್ಟಿಗೆ ಬಿಟ್ಟರೆ ಗೋದಲಿಯಲ್ಲಿ ದೊಡ್ಡ ಹಸು ಕಡಸನ್ನು ತಳ್ಳಿ ತಾನು ತಿನ್ನುತ್ತದೆ, ನೀವು ಹಾಕಿದ ಹಿಂಡಿ ಬೇಕಾದವರಿಗೆ ಸೇರುವುದೇ ಇಲ್ಲ.

ಒಣಹುಲ್ಲೇ ಮುಖ್ಯ ಮೇವಾಗಿದ್ದರೆ ಕೊರತೆ ಬೀಳುವುದು ಹೆಚ್ಚಾಗಿ ಪ್ರೋಟೀನಿನದು. ಪ್ರೋಟೀನ್ ಕಡಿಮೆಯಾದರೆ ಮೆಲುಕುಚೀಲದ ಸೂಕ್ಷ್ಮಜೀವಿಗಳು ನಾರನ್ನು ಒಡೆಯುವ ವೇಗ ತಗ್ಗುತ್ತದೆ, ಹುಲ್ಲು ಒಳಗೇ ಕೂತಿರುತ್ತದೆ, ಹಸು ತಿನ್ನುವುದನ್ನೂ ಕಡಿಮೆ ಮಾಡುತ್ತದೆ. ಎದುರಿಗೆ ಹುಲ್ಲಿನ ರಾಶಿಯೇ ಇದ್ದರೂ ಹಸು ಸೊರಗುವುದು ಹೀಗೆ.

ಇಲ್ಲಿ ಒಂದು ತಪ್ಪು ನಂಬಿಕೆಯ ಬಗ್ಗೆ ಹೇಳಲೇಬೇಕು. ಕೊನೆಯ ತಿಂಗಳುಗಳಲ್ಲಿ ಮೇವು ತಗ್ಗಿಸಿದರೆ ಕರು ಚಿಕ್ಕದಾಗಿ ಹೆರಿಗೆ ಸುಲಭವಾಗುತ್ತದೆ ಎಂದು ಹಲವರು ಕಡಸುಗಳನ್ನು ಅರೆಹೊಟ್ಟೆಯಲ್ಲಿ ಇಡುತ್ತಾರೆ. ಕರುವಿನ ತೂಕ ಒಂದಿಷ್ಟು ಇಳಿಯಬಹುದು, ಹೆರಿಗೆಯ ತೊಂದರೆ ಇಳಿಯುವುದಿಲ್ಲ. ನಿಶ್ಶಕ್ತ ಕಡಸು ಸರಿಯಾಗಿ ತಿಣುಕುವುದಿಲ್ಲ, ಹೆರಿಗೆ ಎಳೆಯುತ್ತದೆ, ಗಿಣ್ಣು ಹಾಲು ಕಡಿಮೆಯಾಗುತ್ತದೆ, ಹುಟ್ಟಿದ ಕರುವಿಗೆ ಮೈ ಬಿಸಿ ಇಟ್ಟುಕೊಳ್ಳಲು ಬೇಕಾದ ಕೊಬ್ಬೇ ಇರುವುದಿಲ್ಲ. ಸುಲಭ ಹೆರಿಗೆ ಬೇಕಿದ್ದರೆ ಅದನ್ನು ನಿರ್ಧರಿಸುವ ಹೊತ್ತು ಹೋರಿ ಆರಿಸುವಾಗ. ಕಡಸುಗಳಿಗೆ ಹೆರಿಗೆ ಸುಲಭತೆಗೆ ಹೆಸರಾದ, ಅದರ ದಾಖಲೆಯಿರುವ ಹೋರಿಯನ್ನೇ ಬಳಸಿ. ಮೇವು ಕಡಿತದಿಂದ ಆ ಆಯ್ಕೆಯನ್ನು ತಿದ್ದಲಾಗುವುದಿಲ್ಲ.

ಲಸಿಕೆಯ ವಿಷಯ ಚುಟುಕಾಗಿ. ಕರುವಿನ ಭೇದಿ ತಡೆಯಲು ತಾಯಿಗೆ ಹಾಕುವ ಲಸಿಕೆ ಕೆಲಸ ಮಾಡುವುದು ಗಿಣ್ಣು ಹಾಲಿನ ಮೂಲಕ. ಕೆಚ್ಚಲಿಗೆ ಪ್ರತಿಕಾಯಗಳು, ಅಂದರೆ ರಕ್ತದಲ್ಲಿ ಕಾಯಿಲೆ ತಡೆಯುವ ಅಂಶಗಳು, ಇಳಿಯುವುದು ಈಯುವ ಮುಂಚಿನ ಕೊನೆಯ ಕೆಲವು ವಾರಗಳಲ್ಲಿ, ಲಸಿಕೆಯ ಪರಿಣಾಮ ಆ ಹೊತ್ತಿಗೆ ರಕ್ತದಲ್ಲಿ ತುಂಬಿರಬೇಕು. ಹೆಚ್ಚಿನ ಲಸಿಕೆಗಳಲ್ಲಿ ಮೊದಲ ವರ್ಷ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಎಷ್ಟು ವಾರ ಮುಂಚೆ ಎಂಬುದು ಲಸಿಕೆಯಿಂದ ಲಸಿಕೆಗೆ ಬೇರೆ, ಚೀಟಿ ಓದಿ. ಸೀಸೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸಬೇಡಿ. ಪುಡಿಗೆ ದ್ರಾವಣ ಬೆರೆಸುವ ಜೀವಂತ ಲಸಿಕೆಯಾದರೆ ಒಂದು ಗಂಟೆಯಲ್ಲಿ ಮುಗಿಯುವಷ್ಟನ್ನೇ ಬೆರೆಸಿ, ಬಿಸಿಲಿಗೆ ಒಡ್ಡಬೇಡಿ, ಆ ಸಿರಿಂಜಿನ ಒಳಭಾಗವನ್ನು ಸೋಂಕುನಾಶಕದಿಂದ ತೊಳೆಯಬೇಡಿ, ಉಳಿದ ಅಂಶ ಲಸಿಕೆಯನ್ನೇ ಕೊಲ್ಲುತ್ತದೆ. ಬಿಸಿನೀರು ಸಾಕು. ಚುಚ್ಚುವುದು ಕುತ್ತಿಗೆಗೆ, ಚೀಟಿಯಲ್ಲಿ ಅವಕಾಶವಿದ್ದರೆ ಚರ್ಮದಡಿಗೆ. ತೊಡೆಗೆ, ಚಪ್ಪೆಗೆ ಚುಚ್ಚಿದರೆ ಬೆಲೆಬಾಳುವ ಮಾಂಸದಲ್ಲಿ ಗಾಯದ ಗಂಟು ಉಳಿಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಕರು ಗಿಣ್ಣು ಹಾಲು ಕುಡಿಯಲಿಲ್ಲವೆಂದರೆ ಈ ಲಸಿಕೆಯಿಂದ ಕರುವಿಗೆ ಏನೂ ದಕ್ಕಲಿಲ್ಲ.

ಕರು ಹಾಕುವ ಹೊತ್ತಿಗೆ ಬರೋಣ. ಅದಕ್ಕೆ ಮೊದಲು ದಾರಿಯಲ್ಲಿ ಒಂದು ಮಾತು: ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಹಿಂಡು ಸುತ್ತುವವರಿಗೆ ಉಪಯೋಗಕ್ಕೆ ಬರುತ್ತದೆ. ಕೆನಡಾದ ಮ್ಯಾನಿಟೋಬಾದಲ್ಲಿ ಗಸ್ ಕೊನೆಫಾಲ್ ಎಂಬ ರೈತ, ಗಬ್ಬದ ಹಸುಗಳಿಗೆ ಮುಸ್ಸಂಜೆಯ ನಂತರ ಮೇವು ಹಾಕಿದರೆ ಹೆಚ್ಚಿನವು ಹಗಲಲ್ಲಿ ಈಯುತ್ತವೆ ಎಂದು ಗಮನಿಸಿದರು. ಆಮೇಲೆ ನಡೆದ ಹಲವು ಪ್ರಯೋಗಗಳಲ್ಲಿಯೂ ಇದು ಕಂಡುಬಂತು. ಮೊದಲ ಕರು ನಿರೀಕ್ಷಿಸುವ ದಿನಕ್ಕೆ ಒಂದು ತಿಂಗಳು ಮುಂಚಿನಿಂದ ದಿನಕ್ಕೊಂದೇ ಸಲ, ಸಂಜೆ ಕತ್ತಲಾಗುವ ಹೊತ್ತಿಗೆ ಮೇವು ಹಾಕಬೇಕು, ಬೆಳಗಿನ ಹೊತ್ತಿಗೆ ಗೋದಲಿ ಹೆಚ್ಚುಕಡಿಮೆ ಖಾಲಿಯಾಗಿರಬೇಕು. ಎಲ್ಲ ಹಸುಗಳೂ ಹಗಲಲ್ಲೇ ಈಯುವುದಿಲ್ಲ. ಆದರೂ ರಾತ್ರಿಯ ಪಾಲು ಗಮನಾರ್ಹವಾಗಿ ತಗ್ಗುತ್ತದೆ, ಬೆಳಕಿನಲ್ಲಿ ನಿಮ್ಮ ಕಣ್ಣೆದುರೇ ಹುಟ್ಟಿದ ಕರುವನ್ನು ಉಳಿಸುವುದು ಸುಲಭ. ಹಗಲಿಡೀ ಮೇಯುವ ಹಸುಗಳಲ್ಲಿ ಇದು ಅಷ್ಟು ಕೆಲಸ ಮಾಡುವುದಿಲ್ಲ.

ಹೆರಿಗೆಗೆ ಮೂರು ಹಂತ. ಮೊದಲನೆಯದರಲ್ಲಿ ಗರ್ಭಕೋಶದ ಬಾಯಿ ತೆರೆಯುತ್ತದೆ. ಹಸು ಹಿಂಡಿನಿಂದ ದೂರ ಹೋಗುತ್ತದೆ, ಬಾಲ ಎತ್ತುತ್ತದೆ, ಮಲಗಿ ಏಳುತ್ತದೆ, ಹೊಟ್ಟೆಯ ಕಡೆ ತಿರುಗಿ ನೋಡುತ್ತದೆ. ಇದು 2ರಿಂದ 6 ಗಂಟೆ, ಕಡಸಿನಲ್ಲಿ ಇನ್ನೂ ಹೆಚ್ಚು. ನೀರಿನ ಚೀಲ ಅಥವಾ ಕಾಲು ಯೋನಿದ್ವಾರದಲ್ಲಿ ಕಂಡಿತೆಂದರೆ ಎರಡನೇ ಹಂತ ಶುರು, ಗಡಿಯಾರ ನೋಡಿಕೊಳ್ಳಿ. ಹಸುವಿನಲ್ಲಿ ಅರ್ಧ ಗಂಟೆ, ಕಡಸಿನಲ್ಲಿ ಒಂದು ಗಂಟೆ ಕಳೆದರೂ ಮುಂದುವರಿದಂತೆ ಕಾಣದಿದ್ದರೆ ಕೈ ಹಾಕಿ ಪರೀಕ್ಷಿಸಬೇಕು. "ಇನ್ನೂ ಸ್ವಲ್ಪ ನೋಡೋಣ" ಎನ್ನುವ ಮಾತೇ ಇಲ್ಲಿ ಹೆಚ್ಚು ಕರು ಕೊಲ್ಲುವುದು. ಬರೀ ಬಾಲ ತಟ್ಟುವಂತೆ ಹಿಂದುಮುಂದಾಗಿ ಕೂತ ಕರುವಾದರೆ ನೀರಿನ ಚೀಲವಾಗಲಿ ಕಾಲಾಗಲಿ ಹೊರಗೆ ಕಾಣದೆಯೇ ಇರಬಹುದು. ಆದ್ದರಿಂದ ಆರು ಗಂಟೆ ದಾಟಿ ಚಡಪಡಿಸುತ್ತಿರುವ, ಆದರೆ ಏನೂ ಕಾಣಿಸದ ಹಸುವನ್ನೂ ಪರೀಕ್ಷಿಸಲೇಬೇಕು.

ಬಾಲ ಪಕ್ಕಕ್ಕೆ ಕಟ್ಟಿ, ಯೋನಿದ್ವಾರದ ಸುತ್ತ ಸೋಪು ನೀರಿನಿಂದ ತೊಳೆದು, ಭುಜದವರೆಗಿನ ಕೈಗವಸು ಹಾಕಿ, ಜಾರುದ್ರವ ಧಾರಾಳವಾಗಿ ಸವರಿಕೊಳ್ಳಿ. ಪಾತ್ರೆ ತೊಳೆಯುವ ಸಾಬೂನು ಬೇಡ, ಒಳಗಿನ ಸಹಜ ಜಿಗುಟನ್ನು ಅದು ತೊಳೆದುಬಿಡುತ್ತದೆ. ಸಹಜ ಭಂಗಿಯಲ್ಲಿ ಎರಡು ಮುಂಗಾಲು, ಗೊರಸಿನ ತಳ ನೆಲಕ್ಕೆ ಮುಖ ಮಾಡಿ, ಮೇಲೆ ಮೂತಿ. ತಳ ಆಕಾಶಕ್ಕೆ ಮುಖ ಮಾಡಿದ್ದರೆ ಹಿಂಗಾಲು ಇರಬಹುದು, ಅಥವಾ ಕರು ಅಂಗಾತ ಇರಬಹುದು. ವಿದ್ಯಾರ್ಥಿಗಳೇ, ಇದನ್ನು ಬೆರಳಿನಲ್ಲೇ ನೆನಪಿಟ್ಟುಕೊಳ್ಳಿ: ಗೊರಸಿನಿಂದ ಮೇಲಕ್ಕೆ ಮೊದಲ ಗೆಣ್ಣು, ಎರಡನೇ ಗೆಣ್ಣು ಎರಡೂ ಒಂದೇ ಕಡೆಗೆ ಮಡಿಚಿದರೆ ಮುಂಗಾಲು, ಒಂದಕ್ಕೊಂದು ವಿರುದ್ಧ ಮಡಿಚಿದರೆ ಹಿಂಗಾಲು. ಇನ್ನೊಂದು, ಕೈಗೆ ಸಿಕ್ಕ ಎರಡು ಕಾಲೂ ಒಂದೇ ಕರುವಿನದೇ ಎಂದು ಎದೆಯವರೆಗೆ ತಡಕಿ ಖಚಿತ ಮಾಡಿಕೊಳ್ಳದೆ ಎಳೆಯಬೇಡಿ. ಅವಳಿ ಇದ್ದರೆ ಒಂದರ ಒಂದು ಕಾಲು, ಇನ್ನೊಂದರ ಒಂದು ಕಾಲು ಕೈಗೆ ಬಂದಿರುತ್ತದೆ.

ಸರಪಳಿ ಹಾಕುವಾಗ ಒಂದು ಸುತ್ತು ಮೊದಲ ಗೆಣ್ಣಿಗಿಂತ ಮೇಲಕ್ಕೆ, ಇನ್ನೊಂದು ಅರೆಗಂಟು ಆ ಗೆಣ್ಣಿಗೂ ಗೊರಸಿಗೂ ನಡುವೆ. ಒಂದೇ ಸುತ್ತು ಹಾಕಿದರೆ ಎಳೆತವೆಲ್ಲ ಒಂದೇ ಕಡೆ ಬಿದ್ದು ಎಲುಬು ಮುರಿಯಬಹುದು. ಹಸು ತಿಣುಕಿದಾಗ ಮಾತ್ರ ಎಳೆಯಿರಿ, ಅದು ಸುಧಾರಿಸಿಕೊಳ್ಳುವಾಗ ನೀವೂ ನಿಲ್ಲಿ. ಎರಡೂ ಕಾಲನ್ನು ಒಟ್ಟಿಗೆ ಜಗ್ಗಬೇಡಿ. ಒಂದನ್ನು ಸ್ವಲ್ಪ, ಇನ್ನೊಂದನ್ನು ಸ್ವಲ್ಪ ಮುಂದೆ ತಂದರೆ ಭುಜಗಳು ಓರೆಯಾಗಿ ಒಂದೊಂದಾಗಿ ಸೊಂಟದ ಎಲುಬಿನ ದಾರಿಗೆ ಬರುತ್ತವೆ. ಮೊದಲ ಗೆಣ್ಣುಗಳು ಯೋನಿದ್ವಾರದಿಂದ ಒಂದು ಅಂಗೈಯಗಲ ಹೊರಗೆ ಬಂದರೆ ಭುಜ ಒಳಗಿನ ದಾರಿ ಹೊಕ್ಕಿದೆ ಎಂದು ಲೆಕ್ಕ. ಎಳೆದಾಗ ಮುಂಗಾಲುಗಳು ಒಂದರ ಮೇಲೊಂದು ಅಡ್ಡ ಬೀಳುತ್ತಿದ್ದರೆ, ತಲೆ ಹಿಂದಕ್ಕೆ ಜಾರುತ್ತಿದ್ದರೆ, ಜಾಗ ಸಾಲುತ್ತಿಲ್ಲ. ಇಬ್ಬರು ಎಳೆದೂ ಜಗ್ಗದಿದ್ದರೆ ನಿಲ್ಲಿಸಿ, ಪಶುವೈದ್ಯರನ್ನು ಕರೆಯಿರಿ, ಶಸ್ತ್ರಚಿಕಿತ್ಸೆಯೇ ದಾರಿ. ಪುಡಿ ಕಲಸಿ ಮಾಡುವ ಜಾರುದ್ರವ ಬಳಸಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಕೆಲವು ಪುಡಿಗಳು ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯ ಪೊಳ್ಳಿಗೆ ಸೇರಿದರೆ ಹಸು ಸಾಯುತ್ತದೆ. ತಲೆ, ಎದೆ ಬಂದು ಚಪ್ಪೆಯಲ್ಲಿ ಸಿಕ್ಕಿಕೊಂಡರೆ ಕರುವನ್ನು ಕಾಲು ಭಾಗ ಸುತ್ತು (90 ಡಿಗ್ರಿ) ತಿರುಗಿಸಿ, ಹಸುವಿನ ಹಿಂಗಾಲಿನ ಕಡೆಗೆ ಕೆಳಮುಖವಾಗಿ ಎಳೆಯಿರಿ; ಹಸುವಿನ ದಾರಿ ಅಗಲಕ್ಕಿಂತ ಎತ್ತರ ಜಾಸ್ತಿ, ಕರುವಿನ ಚಪ್ಪೆ ಎತ್ತರಕ್ಕಿಂತ ಅಗಲ ಜಾಸ್ತಿ. ಹಿಂಗಾಲು ಮುಂದಾಗಿ ಬರುವ ಕರುವಿನಲ್ಲಿ ಮಾತ್ರ, ಬಾಲದ ಬುಡ ಹೊರಗೆ ಕಂಡ ಮೇಲೆ ತಡಮಾಡುವಂತಿಲ್ಲ. ತಲೆ ಒಳಗಿರುವಾಗಲೇ ಹೊಕ್ಕುಳಬಳ್ಳಿ ಒತ್ತಿಹೋಗಿರುತ್ತದೆ.

ಕರು ಹೊರಗೆ ಬಂತು. ಹಿಂಗಾಲು ಹಿಡಿದು ತಲೆಕೆಳಗೆ ನೇತುಹಾಕುವ ರೂಢಿಯನ್ನು ದಯವಿಟ್ಟು ಬಿಡಿ. ಆಗ ಸುರಿಯುವ ನೀರಿನಲ್ಲಿ ಹೆಚ್ಚಿನದು ಹೊಟ್ಟೆಯದು, ಶ್ವಾಸಕೋಶದ್ದಲ್ಲ, ಮೇಲಾಗಿ ಕರುಳಿನ ಭಾರವೆಲ್ಲ ವಪೆಯ ಮೇಲೆ ಬಿದ್ದು ಉಸಿರೆಳೆಯುವುದೇ ಕಷ್ಟವಾಗುತ್ತದೆ. ಬಾಯಿ ಮೂಗಿನ ಲೋಳೆ ಕೈಯಿಂದ ತೆಗೆದು, ಎದೆಯ ಮೇಲೆ ನೆಟ್ಟಗೆ ಕೂರಿಸಿ, ಹಿಂಗಾಲುಗಳನ್ನು ಎರಡೂ ಪಕ್ಕದಲ್ಲಿ ಮುಂದಕ್ಕೆ ಚಾಚಿ ಇಡಿ. ಹೀಗೆ ಕೂತರೆ ಎರಡೂ ಶ್ವಾಸಕೋಶ ಸಮನಾಗಿ ಹಿಗ್ಗುತ್ತವೆ. ಉಸಿರು ಶುರುವಾಗದಿದ್ದರೆ ಹುಲ್ಲುಕಡ್ಡಿಯನ್ನು ಮೂಗಿನ ಹೊಳ್ಳೆಯೊಳಗೆ ಆಡಿಸಿ, ಕಿವಿಗೆ ತಣ್ಣೀರು ಬಿಡಿ, ಮೈಯನ್ನು ಒಣಬಟ್ಟೆಯಿಂದ ಬಲವಾಗಿ ಉಜ್ಜಿ. ಹೊಕ್ಕುಳನ್ನು 7 ಶೇಕಡಾ ಅಯೋಡಿನ್ ದ್ರಾವಣದಲ್ಲಿ ಬುಡದವರೆಗೆ ಅದ್ದಿ. ಚಿಮುಕಿಸಿದರೆ ಒಂದೇ ಮಗ್ಗುಲಿಗೆ ತಾಗುತ್ತದೆ. ತಾಯಿ ನೆಕ್ಕಲು ಶುರುಮಾಡಿದ ಮೇಲೆ ನೀವು ದೂರ ಸರಿಯಿರಿ, ಚೊಚ್ಚಲ ಕಡಸಾದರೆ ಇನ್ನೂ ದೂರ. ಕಸ ಸಾಮಾನ್ಯವಾಗಿ 12 ಗಂಟೆಯೊಳಗೆ ಬೀಳುತ್ತದೆ. ಬೀಳಲಿಲ್ಲವೆಂದು ಕೈಯಿಂದ ಎಳೆದು ಕೀಳುವುದು ಗರ್ಭಕೋಶವನ್ನು ಹರಿದ ಹಾಗೆ. ಜ್ವರ, ಮೇವು ಬಿಡುವುದು, ದುರ್ವಾಸನೆ ಇವುಗಳ ಮೇಲೆ ಕಣ್ಣಿಡಿ, ಕಂಡರೆ ವೈದ್ಯರಿಗೆ ಹೇಳಿ.

ಈಗ ನನ್ನ ಮಾತಿನ ತಿರುಳು: ಗಿಣ್ಣು ಹಾಲು. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಮಗುವಿಗೆ ದಾಟುತ್ತವೆ. ದನದ ಕಸದ ರಚನೆ ಬೇರೆ, ಅದರಲ್ಲಿ ಅವು ದಾಟುವುದಿಲ್ಲ. ಕರು ಹುಟ್ಟುವಾಗ ಅದರ ರಕ್ತದಲ್ಲಿ ಕಾಯಿಲೆ ತಡೆಯುವ ಪ್ರತಿಕಾಯ ಇಲ್ಲವೆನ್ನುವಷ್ಟು ಕಡಿಮೆ. ಹುಟ್ಟಿದ ಮೊದಲ ಗಂಟೆಗಳಲ್ಲಿ ಕರುಳಿನ ಗೋಡೆ ಗಿಣ್ಣಿನ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಗಂಟೆಗಂಟೆಗೂ ಮುಚ್ಚುತ್ತಾ ಹೋಗುತ್ತದೆ, 24 ಗಂಟೆಗೆ ಪೂರ್ತಿ ಮುಚ್ಚಿರುತ್ತದೆ. ಎರಡನೇ ದಿನ ಎಷ್ಟೇ ಗಿಣ್ಣು ಕುಡಿಸಿದರೂ ಕರುಳಿನೊಳಗೆ ಒಂದಿಷ್ಟು ರಕ್ಷಣೆ ಕೊಡಬಹುದು, ರಕ್ತಕ್ಕೆ ಸೇರುವುದಿಲ್ಲ. ಇನ್ನೊಂದು ಕಡೆ, ಕೊಳಕು ಕೆಚ್ಚಲಿನ ಸಗಣಿ ಗಿಣ್ಣಿಗಿಂತ ಮೊದಲು ಬಾಯಿಗೆ ಹೋದರೆ ಅದೇ ತೆರೆದ ಬಾಗಿಲಲ್ಲಿ ರೋಗಾಣುಗಳೂ ಒಳಹೋಗುತ್ತವೆ. ಒಣ ನೆಲದಲ್ಲಿ ಈಯಬೇಕು ಎಂದು ಒತ್ತಿ ಹೇಳುವುದು ಅದಕ್ಕೆ.

ಹುಟ್ಟಿದ ಒಂದು ಗಂಟೆಯಲ್ಲಿ ಕರು ನಿಲ್ಲಬೇಕು, ಎರಡು ಗಂಟೆಯಲ್ಲಿ ಕುಡಿಯಬೇಕು. ನಾಲ್ಕು ಗಂಟೆಯಾದರೂ ಕುಡಿದಿಲ್ಲವೆಂದರೆ ನಾವು ಕುಡಿಸಬೇಕು. ಎಳೆದು ತೆಗೆದ ಕರು, ಅವಳಿ, ತಾಯಿ ಒದ್ದು ಓಡಿಸಿದ ಕರು, ಚಳಿಯಲ್ಲಿ ನೆನೆದ ಕರು, ಬಾಟಲಿಯಷ್ಟು ದಪ್ಪ ಮೊಲೆಯ ಹಸುವಿನ ಕರು, ಇವು ಐದಕ್ಕೂ ಕಾಯಬೇಕಾಗಿಯೂ ಇಲ್ಲ, ಬೇಗನೇ ನೋಡಿ. ಕುಡಿದಿದೆಯೇ ಎಂದು ತಿಳಿಯಲು ಕರುವಿನ ಹೊಟ್ಟೆ ನೋಡುವುದಕ್ಕಿಂತ ತಾಯಿಯ ಮೊಲೆ ನೋಡಿ. ಕುಡಿದ ಮೊಲೆ ಶುಚಿಯಾಗಿ ಹೊಳೆಯುತ್ತಿರುತ್ತದೆ, ಆ ಭಾಗದ ಕೆಚ್ಚಲು ಸಡಿಲವಾಗಿರುತ್ತದೆ. ನಾಲ್ಕೂ ಮೊಲೆ ಮಾಸಲಾಗಿ, ಕೆಚ್ಚಲು ಬಿಗಿದಿದ್ದರೆ ಕರುವಿನ ಹೊಟ್ಟೆಗೆ ಏನೂ ಹೋಗಿಲ್ಲ. ಕರುವಿನ ಬಾಯೊಳಗೆ ಬೆರಳಿಡಿ. ಬಾಯಿ ತಣ್ಣಗಿದ್ದು ಚೀಪುತ್ತಿಲ್ಲವೆಂದರೆ ಮೊದಲು ಮೈ ಬಿಸಿಮಾಡಬೇಕು, 38ರಿಂದ 40 ಡಿಗ್ರಿಯ ನೀರಿನಲ್ಲಿ ತಲೆ ಎತ್ತಿ ಹಿಡಿದು ಮುಳುಗಿಸಿ, ಆಮೇಲೆ ಪೂರ್ತಿ ಒರೆಸಿ ಒಣಗಿಸಿ.

ಮೊದಲ ಆಯ್ಕೆ ಯಾವಾಗಲೂ ಅದರ ತಾಯಿಯದೇ ಗಿಣ್ಣು, ಕಟ್ಟಿ ಹಿಂಡಿದ್ದು. ಮಾಂಸದ ತಳಿಯ ಹಸುವಿನ ಗಿಣ್ಣು ಡೇರಿ ಹಸುವಿನದಕ್ಕಿಂತ ಅಳತೆಯಲ್ಲಿ ಕಡಿಮೆ, ಪ್ರತಿಕಾಯದಲ್ಲಿ ಗಟ್ಟಿ. ಗಿಣ್ಣು ಎಷ್ಟು ಗಟ್ಟಿ ಎಂದು ತೋರಿಸುವ ಬ್ರಿಕ್ಸ್ ಮಾಪಕದ ಗಾಜಿನ ಮೇಲೆ ಎರಡು ಹನಿ ಹಾಕಿ ನೋಡಿದರೆ 22 ಅಥವಾ ಹೆಚ್ಚು ಇರಬೇಕು. 40 ಕಿಲೋ ಕರುವಿಗೆ ಮೊದಲ ಸಲ 2 ಲೀಟರ್, ಆರೆಂಟು ಗಂಟೆ ಬಿಟ್ಟು ಇನ್ನೊಂದು 2 ಲೀಟರ್. ತಾಯಿಯದು ಸಿಗದಿದ್ದರೆ ನಿಮ್ಮದೇ ಹಿಂಡಿನ ಇನ್ನೊಂದು ಹಸುವಿನ, ಮುಂಚೆಯೇ ಹೆಪ್ಪುಗಟ್ಟಿಸಿಟ್ಟ ಗಿಣ್ಣು. ಮೈನಸ್ 20 ಡಿಗ್ರಿಯಲ್ಲಿ ಒಂದು ವರ್ಷ ಇರುತ್ತದೆ. ಕರಗಿಸುವ ನೀರು 50 ಡಿಗ್ರಿ ದಾಟಬಾರದು, ಕುದಿನೀರಿಗೆ ಇಟ್ಟರೆ ಪ್ರತಿಕಾಯವೇ ಒಡೆದು ಬರೀ ಗಿಣ್ಣಷ್ಟೇ ಉಳಿಯುತ್ತದೆ. ಬೇರೆಯವರ ಹಿಂಡಿನಿಂದ ತಂದರೆ ಜೋನೀಸ್ ಎಂಬ, ವಾಸಿಯಾಗದ ಕರುಳಿನ ಕಾಯಿಲೆಯನ್ನೂ ಜೊತೆಗೆ ತಂದುಕೊಳ್ಳಬಹುದು. ಪುಡಿ ಗಿಣ್ಣು ಕೊಳ್ಳುವಾಗ ಪೊಟ್ಟಣದ ಮೇಲೆ ಐಜಿಜಿ (ಗಿಣ್ಣಿನ ಮುಖ್ಯ ಪ್ರತಿಕಾಯ) ಎಷ್ಟು ಗ್ರಾಂ ಎಂದು ಓದಿ. ಪೂರ್ತಿ ಬದಲಿಯಾಗಿ ಬಳಸುವುದಾದರೆ ಕನಿಷ್ಠ 100 ಗ್ರಾಂ ಬೇಕು, 150ರಿಂದ 200 ಸಿಕ್ಕರೆ ಒಳ್ಳೆಯದು. ಅದಕ್ಕಿಂತ ಕಡಿಮೆಯದು ಪೂರಕ ಮಾತ್ರ.

ಚೀಪಲಾರದ ಕರುವಿಗೆ ನಳಿಗೆಯಿಂದ ಕುಡಿಸಬೇಕು. ಮೊದಲು ನಳಿಗೆಯನ್ನು ಕರುವಿನ ಮೂತಿಯಿಂದ ಮೊಣಕೈ ಎಲುಬಿನ ತುದಿಯವರೆಗೆ ಹೊರಗಿನಿಂದಲೇ ಅಳೆದು ಗುರುತು ಮಾಡಿ, ತುದಿಯನ್ನು ಒದ್ದೆ ಮಾಡಿ, ನಾಲಿಗೆಯ ಮೇಲೆ ನಿಧಾನವಾಗಿ ಸಾಗಿಸಿ, ಕರು ನುಂಗುವಾಗ ಮುಂದೆ ಹೋಗಲಿ. ಕತ್ತಿನ ಎಡಗಡೆ ಬೆರಳಿನಿಂದ ತಡವಿದರೆ ಎರಡು ಕೊಳವೆ ಸಿಗಬೇಕು, ಒಂದು ಬಳೆಬಳೆಯಾದ ಶ್ವಾಸನಾಳ, ಇನ್ನೊಂದು ನಿಮ್ಮ ನಳಿಗೆ. ಒಂದೇ ಸಿಕ್ಕರೆ ನಳಿಗೆ ಶ್ವಾಸನಾಳದೊಳಗಿದೆ, ಹೊರತೆಗೆಯಿರಿ. ಕರುವಿನ ತಲೆ ಸಹಜ ಎತ್ತರದಲ್ಲಿರಲಿ, ಹಾಲು ತನ್ನ ಭಾರದಿಂದಲೇ ಇಳಿಯಲಿ, ಚೀಲ ಹಿಸುಕಬೇಡಿ. ಮುಗಿದ ಮೇಲೆ ನಳಿಗೆ ಮಡಿಚಿ ಹಿಡಿದು ತೆಗೆದರೆ ಉಳಿದ ಹನಿ ಶ್ವಾಸನಾಳಕ್ಕೆ ಬೀಳುವುದಿಲ್ಲ. ಹೊಸ ಕರುವಿನ ನಳಿಗೆಯನ್ನೂ ಭೇದಿ ಕರುವಿನ ನಳಿಗೆಯನ್ನೂ ಬೇರೆಬೇರೆ ಬಣ್ಣದಲ್ಲಿ ಇಟ್ಟುಕೊಳ್ಳಿ, ಅವಸರದಲ್ಲಿ ಕೈ ತಪ್ಪದಂತೆ.

ಕೊನೆಗೆ ಭೇದಿ. ವಯಸ್ಸೇ ಅರ್ಧ ಉತ್ತರ ಹೇಳುತ್ತದೆ. ಮೊದಲ ನಾಲ್ಕೈದು ದಿನದೊಳಗಿನದು ಹೆಚ್ಚಾಗಿ ಇ. ಕೋಲಿ. ಐದರಿಂದ ಹದಿನೈದು ದಿನದ್ದು ರೋಟಾ, ಕೊರೊನಾ ವೈರಸ್. ಒಂದರಿಂದ ಮೂರು ವಾರದ್ದು ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ. ಇದು ಮನುಷ್ಯರಿಗೂ ಹರಡುತ್ತದೆ, ವಿದ್ಯಾರ್ಥಿಗಳು ಕೈಗವಸು ಇಲ್ಲದೆ ಮುಟ್ಟಬೇಡಿ. ರಕ್ತ ಬೆರೆತ ಭೇದಿ ಮೂರು ವಾರದ ಮೇಲೆ ಬಂದರೆ ಕಾಕ್ಸಿಡಿಯಾ ಎಂಬ ಇನ್ನೊಂದು ಪರಾವಲಂಬಿ ಇರಬಹುದು. ಕಾರಣ ಯಾವುದೇ ಇರಲಿ, ಹೆಚ್ಚಿನ ಕರು ಸಾಯುವುದು ನೀರು, ಲವಣ ಕಳೆದುಕೊಂಡು, ರಕ್ತ ಹುಳಿಯಾಗಿ. ಹಾಗಾಗಿ ಔಷಧಿ ಯಾವುದು ಎಂಬ ಪ್ರಶ್ನೆಗೆ ಮೊದಲ ಉತ್ತರ ಲವಣದ್ರಾವಣ. ಕತ್ತಿನ ಚರ್ಮ ಚಿವುಟಿ ಬಿಟ್ಟಾಗ ತಕ್ಷಣ ಸಮವಾಗದೆ ಒಂದೆರಡು ಸೆಕೆಂಡು ಮಡಿಕೆ ನಿಂತರೆ, ಕಣ್ಣುಗುಡ್ಡೆ ಸ್ವಲ್ಪ ಒಳಸರಿದಿದ್ದರೆ, ಮೈತೂಕದ ಶೇಕಡಾ 8ರಷ್ಟು ನೀರು ಹೋಗಿದೆ ಎಂದು ಹಿಡಿಯಿರಿ. 40 ಕಿಲೋ ಕರುವಿಗೆ ಅದು 3.2 ಲೀಟರ್, ಇದು ಈಗಾಗಲೇ ಹೋದದ್ದು ಮಾತ್ರ, ಇನ್ನೂ ಹೋಗುತ್ತಿರುವುದು ಬೇರೆ. ಒಂದು ಸಲಕ್ಕೆ 2 ಲೀಟರಿನಂತೆ ದಿನಕ್ಕೆ ಎರಡು ಮೂರು ಸಲ ಕೊಡಬೇಕಾಗುತ್ತದೆ. ಬರೀ ಉಪ್ಪು ಸಕ್ಕರೆ ನೀರು ಸಾಲದು, ರಕ್ತದ ಹುಳಿ ತಗ್ಗಿಸುವ ಅಸಿಟೇಟ್ ಅಥವಾ ಬೈಕಾರ್ಬೊನೇಟ್ ಇರುವ, ಕರುಗಳಿಗೆಂದೇ ಮಾಡಿದ ಪೊಟ್ಟಣ ಬೇಕು. ಬೈಕಾರ್ಬೊನೇಟ್ ಹೊಟ್ಟೆಯಲ್ಲಿ ಹಾಲು ಹೆಪ್ಪಾಗುವುದನ್ನು ತಡೆಯುತ್ತದೆ, ಅಸಿಟೇಟ್ ಹಾಗೆ ಮಾಡುವುದಿಲ್ಲ. ತಾಯಿ ಮೊಲೆ ಕುಡಿಯುವ ಕರುವಿಗೆ ಅಸಿಟೇಟಿನದೇ ವಾಸಿ. ಹಾಲು ನಿಲ್ಲಿಸಬೇಡಿ. ಭೇದಿ ತಗ್ಗಲಿ ಎಂದು ಎರಡು ದಿನ ಹಾಲು ಬಿಡಿಸಿದ ಕರು ಹಸಿವಿನಿಂದ ಸಾಯುತ್ತದೆ. ಚೀಪದ, ಏಳಲಾರದ, ಬಾಯಿ ತಣ್ಣಗಾದ ಕರುವಿಗೆ ಬಾಯಿಂದ ಕೊಟ್ಟದ್ದು ಕೆಲಸ ಮಾಡುವುದಿಲ್ಲ, ರಕ್ತನಾಳದಿಂದಲೇ ಕೊಡಬೇಕು. ಆಂಟಿಬಯಾಟಿಕ್ ವೈರಸ್ ಭೇದಿಯನ್ನೂ ಕ್ರಿಪ್ಟೊವನ್ನೂ ಗುಣಪಡಿಸುವುದಿಲ್ಲ. ಜ್ವರ, ರಕ್ತ, ತೀರಾ ಮಂಕು ಇದ್ದಾಗ ವೈದ್ಯರು ಹೇಳಿದರೆ ಕೊಡಿ, ಕೊಟ್ಟ ದಿನ, ಅಳತೆ, ಮಾಂಸಕ್ಕೆ ಕಳಿಸದೆ ಕಾಯಬೇಕಾದ ಅವಧಿ ಬರೆದಿಡಿ. ಕಾರಣ ತಿಳಿಯಲು ಸಗಣಿಯ ಮಾದರಿ ಕಳಿಸುವುದಿದ್ದರೆ ಔಷಧಿ ಕೊಡದ, ಅವತ್ತೇ ಭೇದಿ ಶುರುವಾದ ಮೂರ್ನಾಲ್ಕು ಕರುಗಳಿಂದ ತೆಗೆಯಿರಿ.

ಈ ರೋಗಾಣುಗಳಲ್ಲಿ ಹಲವು ದೊಡ್ಡ ಹಸುಗಳ ಕರುಳಿನಲ್ಲೂ ಸ್ವಲ್ಪ ಇದ್ದೇ ಇರುತ್ತವೆ. ಮೊದಲು ಹುಟ್ಟಿದ ಕರು ಸ್ವಲ್ಪ ನುಂಗಿ, ಅದನ್ನು ಎಷ್ಟೋ ಪಟ್ಟು ಹೆಚ್ಚಿಸಿ ಹೊರಹಾಕುತ್ತದೆ, ಆಮೇಲೆ ಹುಟ್ಟಿದ್ದು ಆ ರಾಶಿಯ ಮೇಲೇ ಬೀಳುತ್ತದೆ. ಹೀಗಾಗಿ ಋತುವಿನ ಕೊನೆಯಲ್ಲಿ ಹುಟ್ಟಿದ ಕರುಗಳೇ ಹೆಚ್ಚು ಸಾಯುತ್ತವೆ. ಇದನ್ನು ತಡೆಯಲು ಅಮೆರಿಕದ ನೆಬ್ರಾಸ್ಕಾದಲ್ಲಿ ರೂಪುಗೊಂಡ, ಸ್ಯಾಂಡ್‌ಹಿಲ್ಸ್ ಎಂದು ಹೆಸರಾದ ಕ್ರಮ ಬಹಳ ಸರಳ. ಎಲ್ಲ ಗಬ್ಬದ ಹಸುಗಳನ್ನೂ ಮೊದಲ ಹುಲ್ಲುಗಾವಲಿಗೆ ಬಿಡಿ. ಎರಡು ವಾರವಾದ ಮೇಲೆ ಇನ್ನೂ ಈಯದ ಹಸುಗಳನ್ನು ಮಾತ್ರ ಎರಡನೇ ಗಾವಲಿಗೆ ಹೊಡೆಯಿರಿ, ಕರು ಹಾಕಿದವು ಇದ್ದಲ್ಲೇ ಇರಲಿ. ಆಮೇಲೆ ವಾರಕ್ಕೊಮ್ಮೆ ಹೀಗೆಯೇ, ಈಯದವು ಹೊಸ ನೆಲಕ್ಕೆ. ಸರಿಸುವುದು ಕರುವಿಲ್ಲದ ಹಸುಗಳನ್ನು, ಆದ್ದರಿಂದ ಕೆಲಸವೂ ಸುಲಭ. ಕರುಗಳನ್ನು ಅಟ್ಟಿಕೊಂಡು ಓಡುವ ತಾಪತ್ರಯವಿಲ್ಲ. ಹುಲ್ಲುಗಾವಲನ್ನು ಏಳೆಂಟು ಭಾಗ ಮಾಡುವಷ್ಟು ಜಾಗವಿಲ್ಲದವರು ಮೂರು ಭಾಗ ಮಾಡಿ ಹತ್ತು ಹದಿನೈದು ದಿನಕ್ಕೊಮ್ಮೆ ಸರಿಸಿದರೂ ಒಂದೇ ಬಯಲಲ್ಲಿ ಎಲ್ಲವನ್ನೂ ಕೂಡಿಹಾಕುವುದಕ್ಕಿಂತ ಮೇಲು. ಭೇದಿಯಾದ ಕರುವನ್ನು ತಾಯಿಯೊಂದಿಗೆ ಬೇರೆ ಕಡೆಗೆ ತೆಗೆಯಿರಿ, ವಾಸಿಯಾದ ಮೇಲೂ ಅದನ್ನು ಎಳೆಗರುಗಳ ಗುಂಪಿಗೆ ಸೇರಿಸಬೇಡಿ. ಎಲ್ಲ ಗುಂಪುಗಳನ್ನು ಒಂದು ಮಾಡುವುದು ಅತಿ ಚಿಕ್ಕ ಕರುವಿಗೂ ನಾಲ್ಕು ವಾರ ತುಂಬಿದ ಮೇಲೆಯೇ.